ಗಂಜಿಯಾಗಿದ್ದ ಸೌಂಡು ಗಟ್ಟಿಯಾದ ಕಥೆ: ಪೀಣ್ಯದ ಶೆಡ್ಡಲ್ಲಿ ನಮ್ಮ ಮೆಟಲ್ ಬ್ಯಾಂಡ್ ಕಟ್ಟಿದ ಲಾಗ್

ಮೊದಲ್ನೇ ಭಾನುವಾರ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದು ಇನ್ನೂ ಇಟ್ಕೊಂಡಿದೀನಿ. ನಾಲ್ಕು ನಿಮಿಷದ ಕ್ಲಿಪ್ಪು, ಅದ್ರಲ್ಲಿ ಎರಡು ಗಿಟಾರು, ಒಂದು ಬೇಸು, ಡ್ರಮ್ಸು ಎಲ್ಲಾ ಇದೆ, ಆದ್ರೆ ಯಾವುದು ಯಾವುದು ಅಂತ ಗೊತ್ತಾಗಲ್ಲ, ಎಲ್ಲ ಸೇರಿ ಗಂಜಿ ಕುದಿಯೋ ಥರ ಒಂದೇ ಗುಳುಗುಳು. ರಿಫ್, ಅಂದ್ರೆ ಮತ್ತೆ ಮತ್ತೆ ಬರೋ ಗಿಟಾರ್ ಸಾಲು, ಚೆನ್ನಾಗಿದೆ ಅನ್ನೋದ್ರಲ್ಲಿ ನಂಗೆ ಡೌಟೇ ಇರ್ಲಿಲ್ಲ, ಮನೇಲಿ ಹೆಡ್‌ಫೋನ್ ಹಾಕ್ಕೊಂಡು ನುಡಿಸ್ದಾಗ ಮೈ ಜುಂ ಅಂದಿತ್ತು, ಅದೇ ರಿಫ್ಫು ನಾಲ್ಕು ಜನ ಸೇರಿ ನುಡಿಸಿದ್ರೆ ಎಲ್ಲಿ ಹೋಯ್ತು ಅನ್ನೋದೇ ಪ್ರಶ್ನೆ. ಅಲ್ಲಿಂದ ಹನ್ನೊಂದು ತಿಂಗಳು ಏನೇನು ಬಿಚ್ಚಿದ್ವಿ, ಎಲ್ಲೆಲ್ಲಿ ಬೆಸುಗೆ ಹಾಕಿದ್ವಿ ಅಂತ ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದನ್ನ ಇಲ್ಲಿ ಇಳಿಸ್ತಿದೀನಿ, ಹೊಸದಾಗಿ ಬ್ಯಾಂಡ್ ಕಟ್ಟೋರಿಗೆ ಅಷ್ಟು ಟೈಮಾದ್ರೂ ಉಳೀಲಿ ಅಂತ.

ಜಾಗ ಪೀಣ್ಯದಲ್ಲಿ ಒಂದು ಲೇತ್ ಶೆಡ್ಡು. ಶೀಟ್ ರೂಫು, ಹದಿನೇಳು ಅಡಿ ಉದ್ದ, ಹನ್ನೊಂದು ಅಡಿ ಅಗಲ, ಮಷೀನೆಲ್ಲ ಪಕ್ಕದ ದೊಡ್ಡ ಶೆಡ್ಡಿಗೆ ಹೋದ್ಮೇಲೆ ಖಾಲಿ ಬಿದ್ದಿತ್ತು. ನಮ್ಮ ಡ್ರಮ್ಮರ್ ಅಲ್ಲೇ ಟರ್ನರ್ ಕೆಲ್ಸ ಮಾಡೋದು, ಯಜಮಾನ್ರು ಭಾನುವಾರ ಮಾತ್ರ ಉಪಯೋಗಿಸ್ಕೊಳ್ಳಿ ಅಂತ ಬೀಗದ ಕೈ ಕೊಟ್ರು. ನಾನು ಒಂದು ಗಿಟಾರು, ಇನ್ನೊಬ್ಬ ಗಿಟಾರಿನ ಜೊತೆ ಹಾಡೋನು, ಬೇಸ್ ನುಡಿಸೋಳು ಚಿಕ್ಕಂದಿನಲ್ಲಿ ಏಳು ವರ್ಷ ವೀಣೆ ಕಲ್ತವಳು. ನೆಲದಲ್ಲಿ ಇನ್ನೂ ಕಟಿಂಗ್ ಆಯಿಲ್ ವಾಸನೆ ಇದೆ, ಮೂಲೇಲಿ ಕಬ್ಬಿಣದ ಸುರುಳಿ ಸಿಗುತ್ತೆ. ನಂಗೆ ಈ ಮ್ಯೂಸಿಕ್‌ಗೆ ಇದಕ್ಕಿಂತ ಸರಿಯಾದ ಜಾಗ ಬೇರೆ ಇಲ್ಲ ಅನ್ಸುತ್ತೆ, ಯಾಕಂದ್ರೆ ಇದು ಹುಟ್ಟಿದ್ದೇ ಇಂಥ ಕಡೆ. ಬ್ಲ್ಯಾಕ್ ಸಬ್ಬತ್ ಅನ್ನೋ ಇಂಗ್ಲೆಂಡಿನ ಮೆಟಲ್ ಬ್ಯಾಂಡಿನ ಗಿಟಾರಿಸ್ಟ್ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಶೀಟ್ ಮೆಟಲ್ ಫ್ಯಾಕ್ಟರೀಲಿ ಕೆಲ್ಸಕ್ಕಿದ್ದ, ಹದಿನೇಳನೇ ವಯಸ್ಸಲ್ಲಿ ಮಷೀನಿಗೆ ಬಲಗೈಯಿನ ಎರಡು ಬೆರಳ ತುದಿ ಹೋಯ್ತು, ಅವ್ನು ಎಡಗೈಯವ್ನು, ಅಂದ್ರೆ ತಂತಿ ಒತ್ತೋ ಕೈಯೇ ಅದು. ಸೋಪಿನ ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ ಬೆರಳಿಗೆ ಟೋಪಿ ಮಾಡ್ಕೊಂಡ, ತೆಳು ತಂತಿ ಹಾಕ್ದ, ಒತ್ತೋದಕ್ಕೆ ಇನ್ನೂ ಸುಲಭ ಆಗ್ಲಿ ಅಂತ ತಂತಿ ಸಡಿಲ ಮಾಡ್ದ, 1971ರ ಮೂರನೇ ಆಲ್ಬಮ್ಮಿನ ಹೊತ್ತಿಗೆ ಒಂದೂವರೆ ಸ್ವರ ಕೆಳಗೆ ಇಳಿಸಿದ್ದ. ಒಂದು ರಿಪೇರಿ ಕೆಲ್ಸದಿಂದ ಒಂದಿಡೀ ಸಂಗೀತದ ದನಿ ಬಂತು. ನಮ್ಮ ಡ್ರಮ್ಮರ್‌ಗೆ ಈ ವಿಷ್ಯ ಮೊದಲ್ನೇ ಸಲ ಹೇಳ್ದಾಗ ಅವ್ನು ಸುಮ್ನೆ ತನ್ನ ಕೈ ನೋಡ್ಕೊಂಡ, ಪವರ್ ಪ್ರೆಸ್ ಹತ್ರ ಕೆಲ್ಸ ಮಾಡೋರಿಗೆ ಅದು ದೂರದ ಕಥೆ ಅಲ್ಲ.

ಮೊದ್ಲು ಕೈ ಹಾಕಿದ್ದು ಸೌಂಡಿಗಲ್ಲ, ಕರೆಂಟಿಗೆ. ಎರಡ್ನೇ ವಾರ ಹಾಡೋನು ಗಿಟಾರ್ ತಂತಿ ಹಿಡ್ಕೊಂಡೇ ಮೈಕಿಗೆ ಬಾಯಿಟ್ಟ, ತುಟಿಗೆ ಚುರುಕ್ ಅಂತ ಹೊಡೀತು. ಮಲ್ಟಿಮೀಟರ್ ತಗೊಂಡು ತಂತಿಗೂ ಮೈಕಿನ ಜಾಲರಿಗೂ ಮಧ್ಯ ನೋಡಿದ್ರೆ 90 ವೋಲ್ಟ್ ಎಸಿ! ಗಿಟಾರ್ ಆಂಪು (ಆಂಪ್ಲಿಫೈಯರ್) ಶೆಡ್ಡಿನ ಬೋರ್ಡಿಗೆ, ಮೈಕಿನ ಮಿಕ್ಸರ್ರು ಪಕ್ಕದ ಶೆಡ್ಡಿಂದ ಎಳ್ಕೊಂಡ ಎಕ್ಸ್‌ಟೆನ್ಶನ್ನಿಗೆ. ನಮ್ಮ ಬೋರ್ಡಲ್ಲಿ ಫೇಸು-ನ್ಯೂಟ್ರಲ್ 232 ಇದೆ, ಫೇಸು-ಅರ್ತ್ ಮಾತ್ರ 114, ಅಂದ್ರೆ ಅರ್ತ್ ತಂತಿ ಎಲ್ಲೂ ಹೋಗಿಲ್ಲ, ಸುಮ್ನೆ ತೇಲ್ತಾ ಇದೆ. ಬಿಚ್ಚಿ ನೋಡಿದ್ರೆ ಮೂರು ಪಿನ್ ಸಾಕೆಟ್ಟು, ಹಿಂದೆ ಎರಡೇ ತಂತಿ. 1972ರಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವಿ ಸ್ವಾನ್ಸೀಲಿ ಸ್ಟೇಜ್ ಮೇಲೇ ಅರ್ತ್ ಇಲ್ಲದ ಮೈಕ್ ಮುಟ್ಟಿ ಸತ್ತಿದ್ದು ಇಂಥದ್ರಿಂದ್ಲೇ. ಅವತ್ತು ಪ್ರಾಕ್ಟೀಸ್ ನಿಲ್ಸಿ ಮನೆಗೆ ಹೋದ್ವಿ.

ಲೈಸೆನ್ಸ್ ಇರೋ ಎಲೆಕ್ಟ್ರಿಶಿಯನ್ನನ್ನೇ ಕರ್ಸಿದ್ವಿ, ಶೆಡ್ ಹಿಂದೆ ಗುಂಡಿ ತೋಡಿ, ಜಿಐ ಪೈಪ್ ಇಳ್ಸಿ, ಸುತ್ತ ಇದ್ದಿಲು ಉಪ್ಪು ತುಂಬಿ ನೀರು ಹುಯ್ದು, ಬೋರ್ಡಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ ತಕ್ಷಣ ಕಟ್ ಮಾಡೋ ಸ್ವಿಚ್ಚು) ಹಾಕ್ಸಿ, ಮಿಕ್ಸರ್ ಆಂಪ್ ಎಲ್ಲ ಅದೇ ಒಂದು ಬೋರ್ಡಿಗೆ ತಂದ್ವಿ. ಆಮೇಲೆ ನ್ಯೂಟ್ರಲ್-ಅರ್ತ್ ಅಳೆದ್ರೆ 1.6 ವೋಲ್ಟು. ಜೊತೆಗೆ ಹಿಂದಿದ್ದ 50 ಹರ್ಟ್ಜಿನ ಗುಂಯ್ ಸದ್ದು ಮುಕ್ಕಾಲು ಪಾಲು ಹೋಯ್ತು. ಗುಂಯ್ ನಿಲ್ಲುತ್ತೆ ಅಂತ ಪ್ಲಗ್ಗಿನ ಅರ್ತ್ ಪಿನ್ ಮುರಿಯೋರನ್ನ ನೋಡಿದೀನಿ, ಕೈ ಮುಗಿದು ಕೇಳ್ಕೋತೀನಿ, ಅದನ್ನ ಮಾಡ್ಬೇಡಿ.

ಇನ್ನು ಗಿಟಾರು. ನಾವು ಸಿ ಟ್ಯೂನಿಂಗ್ ಅಂತ ತೀರ್ಮಾನ ಮಾಡಿದ್ವಿ, ಕೆಳಗಿನ ತಂತಿ ಇ ಬದ್ಲು ಸಿ, 82.4 ಹರ್ಟ್ಜಿಂದ 65.4ಕ್ಕೆ. ಇಬ್ರೂ ಹಳೇ 46ರ ತಂತಿನೇ ಸಡಿಲ ಮಾಡಿ ನುಡಿಸ್ತಿದ್ವಿ. ಕಂಪನದ ವರ್ಗಕ್ಕೆ ತಕ್ಕಂತೆ ಬಿಗಿ ಇಳಿಯೋದ್ರಿಂದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಿಗಿ ಹೋಗಿರುತ್ತೆ, ಪಿಕ್ಕಲ್ಲಿ ಜೋರಾಗಿ ಹೊಡೆದ ತಕ್ಷಣ ಸ್ವರ ಮೇಲಕ್ಕೆ ಹಾರಿ ಆಮೇಲೆ ಕೆಳಗೆ ಕೂರುತ್ತೆ, ಇಬ್ರು ಹೊಡೆದ್ರೆ ಎರಡೂ ಬೇರೆ ಬೇರೆ ಥರ ಹಾರುತ್ತೆ. ಗಂಜಿಯ ಮೊದಲ್ನೇ ಕಾರಣ ಇದು. 56ರ ತಂತಿ ತಂದ್ವಿ, ಬಿಗಿ ಹೆಚ್ಚೂಕಮ್ಮಿ ಮೊದ್ಲಿನಷ್ಟೇ ಬಂತು, ಆದ್ರೆ ನಟ್ಟಿನ, ಅಂದ್ರೆ ಕುತ್ತಿಗೆ ತುದೀಲಿ ತಂತಿ ಕೂರೋ ಪಟ್ಟಿಯ, ತೋಡಲ್ಲಿ ತಂತಿ ಕೂರ್ತಾನೇ ಇಲ್ಲ, ಮೇಲೆ ನಿಂತ್ಕೊಂಡಿದೆ. 46 ಅಂದ್ರೆ 1.17 ಮಿಲಿಮೀಟರ್, 56 ಅಂದ್ರೆ 1.42. ದುಂಡು ನೀಡಲ್ ಫೈಲಲ್ಲಿ ನಿಧಾನಕ್ಕೆ ಉಜ್ಜಿದ್ವಿ, ತಲೆ ಕಡೆಗೆ ಸ್ವಲ್ಪ ಇಳಿಜಾರು ಇರ್ಬೇಕು, ಇಲ್ಲಾಂದ್ರೆ ಸಿತಾರ್ ಥರ ಝಿರಿಝಿರಿ ಅನ್ನುತ್ತೆ. ನನ್ನದು ಸರಿ ಹೋಯ್ತು. ಹಾಡೋನ ಗಿಟಾರಲ್ಲಿ ಐದನೇ ತಂತಿಯ ತೋಡು ಆಳ ಆಗ್ಬಿಡ್ತು, ಒತ್ತದೇ ನುಡಿಸಿದ್ರೆ ಮೊದಲ್ನೇ ಫ್ರೆಟ್ಟಿಗೆ (ಕುತ್ತಿಗೆ ಮೇಲಿನ ಅಡ್ಡ ಕಡ್ಡಿಗೆ) ತಾಗ್ತಿತ್ತು. ಅದಕ್ಕೆ ಅಡುಗೆ ಸೋಡಾ ಚಿಟಿಕೆ ತೋಡಿಗೆ ತುಂಬಿ ಒಂದೇ ಹನಿ ಫೆವಿಕ್ವಿಕ್ ಬಿಟ್ವಿ, ತಕ್ಷಣ ಬಿಸಿಯಾಗಿ ಸಣ್ಣ ಹೊಗೆ ಎದ್ದು ಕಲ್ಲಿನ ಥರ ಗಟ್ಟಿಯಾಗುತ್ತೆ, ಮುಖ ದೂರ ಇಟ್ಕೊಳ್ಳಿ. ಹತ್ತು ನಿಮಿಷ ಬಿಟ್ಟು ಮತ್ತೆ ಉಜ್ಜಿದ್ರೆ ಹೊಸ ತೋಡು.

ಕುತ್ತಿಗೆಯ ಬಾಗು ಅಳೆಯೋಕೆ ಡ್ರಮ್ಮರ್ ತನ್ನ ಫೀಲರ್ ಗೇಜ್ (ಸಂದು ಅಳೆಯೋ ತೆಳು ಉಕ್ಕಿನ ಎಲೆಗಳು) ತಂದ. ಮೊದಲ್ನೇ ಫ್ರೆಟ್ಟಿಗೆ ಕೇಪೋ (ತಂತಿ ಒತ್ತಿ ಹಿಡಿಯೋ ಕ್ಲಿಪ್ಪು), ಕೊನೇ ಫ್ರೆಟ್ ಬೆರಳಲ್ಲಿ ಒತ್ತಿ, ಏಳನೇ ಫ್ರೆಟ್ಟಿನ ಮೇಲೆ 0.25 ಮಿಲಿಮೀಟರ್ ಎಲೆ ಸಲೀಸಾಗಿ ಜಾರ್ಬೇಕು. ಕಾರು ಎಂಜಿನ್ನಿನ ವಾಲ್ವ್ ಸೆಟ್ ಮಾಡೋ ಎಲೆ ಗಿಟಾರಲ್ಲಿ ಜಾರಿದ್ದು ನೋಡಿ ಅವ್ನಿಗೆ ಭಾಳ ಖುಷಿ ಆಯ್ತು, ಅವತ್ತಿಂದ ನಮ್ಮ ಗಿಟಾರ್ ಸೆಟಪ್ ಎಲ್ಲ ಅವ್ನದ್ದೇ. ಹನ್ನೆರಡನೇ ಫ್ರೆಟ್ಟಲ್ಲಿ ಹಾರ್ಮೋನಿಕ್ಕೂ (ತಂತಿಗೆ ಬೆರಳು ಬರೀ ತಾಗಿಸಿದಾಗ ಬರೋ ಸ್ವರ) ಒತ್ತಿದ ಸ್ವರನೂ ಒಂದೇ ಆಗೋವರೆಗೂ ತಂತಿಯ ಇನ್ನೊಂದು ತುದಿ ಕೂರೋ ಸ್ಯಾಡಲ್ ಹಿಂದಕ್ಕೆ ಎಳ್ಕೊಂಡು ಹೋದ್ವಿ, ದಪ್ಪ ತಂತಿಗೆ ಉದ್ದ ಸ್ವಲ್ಪ ಜಾಸ್ತಿ ಬೇಕೇ ಬೇಕು.

ಇಷ್ಟಾದ್ರೂ ಗಂಜಿ ಗಂಜಿನೇ. ಸ್ವರ ಸರಿ ಇತ್ತು, ದನಿ ಇರ್ಲಿಲ್ಲ. ಇಲ್ಲಿ ನಾನು ತಿಂಗಳುಗಟ್ಲೆ ತಪ್ಪು ದಾರೀಲಿ ಹೋದೆ, ಹೆವಿ ಬೇಕು ಅಂತ ಆಂಪಲ್ಲಿ ಗೇನ್ (ಸೌಂಡನ್ನ ಒಡೆದು ಗರಗರ ಮಾಡೋ ನಾಬು) ಏರಿಸ್ದೆ, ಬೇಸ್ (ಕೆಳಗಿನ ಸೌಂಡು) ಏರಿಸ್ದೆ, ಮಿಡ್ (ನಡುವಿನ ಸೌಂಡು) ಇಳಿಸ್ದೆ. ಒಬ್ನೇ ಕೂತು ನುಡಿಸಿದ್ರೆ ಅದು ನಿಜಕ್ಕೂ ರಾಕ್ಷಸನ ಥರ ಕೇಳುತ್ತೆ. ಆದ್ರೆ ಬ್ಯಾಂಡಲ್ಲಿ 100 ಹರ್ಟ್ಜಿನ ಕೆಳಗೆ ಈಗಾಗ್ಲೇ ಕಿಕ್ ಡ್ರಮ್ ಇದೆ, ಬೇಸ್ ಗಿಟಾರ್ ಇದೆ, ಅಲ್ಲಿ ನಾನು ಹೋಗಿ ನಿಂತ್ರೆ ಅವ್ರಿಬ್ರೂ ಮುಚ್ಚಿ ಹೋಗ್ತಾರೆ, ಅತ್ತ ಗಿಟಾರ್ ನಿಜವಾಗ್ಲೂ ಬದುಕೋ ಜಾಗ ಅಂದ್ರೆ ಮಿಡ್ಡು, ಅದನ್ನೇ ನಾನು ಕತ್ತರಿಸಿ ಎಸ್ದಿದೀನಿ. ಒಂದು ಭಾನುವಾರ ಬೇಸ್ ನುಡಿಸೋಳು ಎದ್ದು ಬಂದು ನನ್ನ ಆಂಪಿನ ಬೇಸ್ ನಾಬ್ ಹತ್ತರಿಂದ ಮೂರಕ್ಕೆ ಇಳಿಸಿ, ಈಗ ನುಡ್ಸು ಅಂದ್ಲು. ನನ್ನ ಗಿಟಾರ್ ಒಬ್ಬಂಟಿಯಾಗಿ ಸಣಕಲು ಅನ್ನಿಸ್ತು, ಎಲ್ರೂ ಸೇರಿದ ತಕ್ಷಣ ಅವಳ ತಂತಿಯ ಗರಗರ ನನ್ನ ರಿಫ್ಫಿನ ಅಡೀಲಿ ಬಂದು ನಿಂತು ಎರಡೂ ಸೇರಿ ಒಂದೇ ದೊಡ್ಡ ವಾದ್ಯ ಆಯ್ತು. ಆ ಹೆವಿ ಅನ್ನೋದು ಗಿಟಾರಲ್ಲಿ ಇರ್ಲೇ ಇಲ್ಲ, ಗಿಟಾರ್ ಬಿಟ್ಕೊಟ್ಟ ಜಾಗದಲ್ಲಿತ್ತು.

ಅದಾದ್ಮೇಲೆ ಪೆಡಲ್, ಅಂದ್ರೆ ಗಿಟಾರಿಗೂ ಆಂಪಿಗೂ ಮಧ್ಯ ಇಟ್ಟು ಸೌಂಡ್ ಬದಲಾಯಿಸೋ ಡಬ್ಬ, ಕಟ್ಟೋ ಯೋಚ್ನೆ ಬಂದಿದ್ದು. ಇಬಾನೆಝ್ ಟ್ಯೂಬ್ ಸ್ಕ್ರೀಮರ್ ಸರ್ಕ್ಯೂಟು, ಬ್ಲೂಸ್ ನುಡಿಸೋರಿಗೆ ಅಂತ ಹೆಸರಾಗಿದ್ದು, ಮೆಟಲ್ ನುಡಿಸೋರು ಅದನ್ನ ಬೇರೆ ಕೆಲ್ಸಕ್ಕೆ ಹಾಕ್ತಾರೆ: ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಗೇನ್ ಇರೋ ಆಂಪಿನ ಮುಂದೆ. ಅದರೊಳಗೆ ಒಂದು 4.7 ಕೆ ರೆಸಿಸ್ಟರ್ ಜೊತೆ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ, ಅವೆರಡೂ ಸೇರಿ ಸುಮಾರು 720 ಹರ್ಟ್ಜಿನ ಕೆಳಗಿರೋದಕ್ಕೆಲ್ಲ ಗೇನ್ ಕಮ್ಮಿ ಮಾಡ್ತಾ ಹೋಗುತ್ತೆ, ಹಾಗಾಗಿ ಅಂಗೈ ಒತ್ತಿ ಹೊಡೆದ ಪಾಮ್ ಮ್ಯೂಟು ಆಂಪಿನೊಳಗೆ ಹೋಗಿ ಉಬ್ಬಿಕೊಳ್ಳೋ ಮೊದ್ಲೇ ಟೈಟ್ ಆಗಿರುತ್ತೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗಿ 4558 ಐಸಿ, 1ಎನ್4148 ಡಯೋಡು, ಬಫರಿಗೆ ಎರಡು ಟ್ರಾನ್ಸಿಸ್ಟರು, ವೆರೋಬೋರ್ಡು, ಅಲ್ಯೂಮಿನಿಯಂ ಡಬ್ಬ ತಂದೆ, ಎಲ್ಲಕ್ಕಿಂತ ದುಬಾರಿ ಬಿದ್ದಿದ್ದು ಕಾಲಲ್ಲಿ ಒತ್ತೋ ಸ್ವಿಚ್ಚು.

ಬೆಸುಗೆ ಮುಗಿಸಿ 9 ವೋಲ್ಟ್ ಕೊಟ್ಟೆ, ಸೌಂಡೇ ಇಲ್ಲ, ಐಸಿ ಮೇಲೆ ಬೆರಳಿಟ್ರೆ ಸುಡ್ತಿದೆ. ತಕ್ಷಣ ತೆಗ್ದೆ. ಈ ಸರ್ಕ್ಯೂಟಲ್ಲಿ 9 ವೋಲ್ಟನ್ನ ಎರಡು 10 ಕೆ ರೆಸಿಸ್ಟರಲ್ಲಿ ಅರ್ಧ ಮಾಡಿ 4.5 ಕೊಡ್ತಾರೆ, ಐಸಿಯ ಔಟ್‌ಪುಟ್ ಪಿನ್ 1, ಪಿನ್ 7 ಎರಡ್ರಲ್ಲೂ ಅದೇ 4.5 ಹತ್ರ ಇರ್ಬೇಕು. ಮತ್ತೆ ಎರಡೇ ಸೆಕೆಂಡ್ ಕೊಟ್ಟು ಅಳೆದೆ, ಪಿನ್ 7ರಲ್ಲಿ 4.4 ಇದೆ, ಪಿನ್ 1ರಲ್ಲಿ ಪೂರ್ತಿ 9. ವೆರೋಬೋರ್ಡಲ್ಲಿ ತಾಮ್ರದ ಪಟ್ಟಿ ಐಸಿ ಅಡೀಲಿ ಅಡ್ಡ ಹೋಗಿರುತ್ತೆ, ಪಿನ್ 1ರ ಎದುರಿಗೆ ಬರೋದು ಪಿನ್ 8, ಅದೇ ಪವರ್ ಪಿನ್ನು, ಮಧ್ಯದಲ್ಲಿ ಪಟ್ಟಿ ಕತ್ತರಿಸ್ಬೇಕು, ನಾನು ಕತ್ತರಿಸಿದ್ದೆ ಕೂಡ, ಡ್ರಿಲ್ ಬಿಟ್ ಕೈಯಲ್ಲಿ ತಿರುಗ್ಸಿ. ವಾಚ್ ರಿಪೇರಿಯೋರು ಕಣ್ಣಿಗೆ ಹಾಕ್ಕೊಳ್ಳೋ ಆ ಲೆನ್ಸ್ ಹಾಕ್ಕೊಂಡು ಟಾರ್ಚ್ ಬಿಟ್ಟು ನೋಡ್ದಾಗ ಕತ್ತರಿಸಿದ ಗುಳಿಯ ಅಂಚಲ್ಲಿ ಕೂದಲೆಳೆಯಷ್ಟು ತಾಮ್ರ ಉಳ್ಕೊಂಡಿತ್ತು, ಹೊಂಬಣ್ಣಕ್ಕೆ ಮಿಂಚ್ತಾ ಇತ್ತು. ಬ್ಲೇಡಿನ ತುದೀಲಿ ಒಂದು ಸಲ ಗೀರಿದ್ದಷ್ಟೇ. ಐಸಿ ಬದಲಾಯಿಸಿ ಮತ್ತೆ ಕೊಟ್ಟೆ, ಪಿನ್ 1ರಲ್ಲಿ 4.5. ಅದೇ ರಾತ್ರಿ ಮನೇಲಿ ಸಣ್ಣ ವಾಲ್ಯೂಮಲ್ಲಿ ನುಡಿಸಿದ್ರೆ ಪಾಮ್ ಮ್ಯೂಟು ಮರದ ಮೇಲೆ ಸುತ್ತಿಗೆ ಬಿದ್ದ ಥರ ಟಕ್ ಟಕ್ ಅಂತ ಬೇರೆ ಬೇರೆಯಾಗಿ ಬಂತು, ಆಂಪಿನ ಗೇನ್ ಎಂಟರಿಂದ ನಾಲ್ಕಕ್ಕೆ ಬಂದು ಅಲ್ಲೇ ನಿಂತಿದೆ ಈಗ್ಲೂ.

ಸ್ಪೀಕರ್ ಕೂರೋ ಡಬ್ಬ, ಕ್ಯಾಬಿನೆಟ್ಟು, ಬೇಗ ಹೇಳ್ತೀನಿ. 18 ಎಂಎಂ ಪ್ಲೈ, ಹಿಂದೆ ಪೂರ್ತಿ ಮುಚ್ಚಿದ್ದು, ಹನ್ನೆರಡು ಇಂಚಿನ 8 ಓಮ್ ಸ್ಪೀಕರ್ ಎರಡು, ಪ್ಯಾರಲಲ್ ಹಾಕಿ 4 ಓಮ್, ನಮ್ಮ ಸೆಕೆಂಡ್ ಹ್ಯಾಂಡ್ ಟ್ರಾನ್ಸಿಸ್ಟರ್ ಆಂಪಿನ ಮಿತಿಯೂ ಅದೇ 4. ಮೊದಲ್ನೇ ಸಲ ಹಚ್ಚಿದಾಗ ಎರಡು ಸ್ಪೀಕರ್ ಇದ್ರೂ ಒಂದಕ್ಕಿಂತ ಸಣ್ಣ ಸೌಂಡು, ಕೆಳಗಿನ ಸ್ವರ ಇಲ್ವೇ ಇಲ್ಲ. ಬಿಚ್ಚಿ ಒಂದೂವರೆ ವೋಲ್ಟಿನ ಸೆಲ್ ಒಂದೊಂದಕ್ಕೇ ಮುಟ್ಟಿಸ್ದೆ, ಪ್ಲಸ್ಸಿಗೆ ಪ್ಲಸ್ ಮುಟ್ಟಿಸಿದ್ರೆ ಕೋನು ಮುಂದೆ ಬರ್ಬೇಕು, ಒಂದು ಬಂತು, ಇನ್ನೊಂದು ಒಳಗೆ ಹೋಯ್ತು. ಹಳೇ ಸ್ಪೀಕರು, ಯಾರೋ ಕೋನ್ ಬದಲಾಯಿಸ್ದಾಗ ತಂತಿ ಅದಲುಬದಲು ಮಾಡಿದ್ರು, ಮೇಲಿನ ಕೆಂಪು ಗುರುತು ಸುಳ್ಳು ಹೇಳ್ತಿತ್ತು. ಒಂದು ದೂಡಿದ್ದನ್ನ ಇನ್ನೊಂದು ಎಳ್ಕೊಂಡು ಬಿಡ್ತಿತ್ತು. ಹಳೇ ಸ್ಪೀಕರ್ ಯಾವ್ದೇ ತನ್ನಿ, ಸೆಲ್ ಇಟ್ಟು ನೋಡದೇ ಡಬ್ಬದ ಸ್ಕ್ರೂ ಬಿಗೀಬೇಡಿ.

ಕಿಕ್ ಡ್ರಮ್ಮನ್ನ ಎರಡೂ ಕಾಲಲ್ಲಿ ಹೊಡೆಯೋ ಡಬಲ್ ಪೆಡಲ್ಲಿನ ಕೆಲ್ಸ ಮಾತ್ರ ಡ್ರಮ್ಮರ್ ಒಬ್ನೇ ಮಾಡಿದ್ದು, ನಾನು ಪಕ್ಕದಲ್ಲಿ ನಿಂತು ನೋಡಿದ್ದು. 180 ಬಿಪಿಎಮ್ಮಲ್ಲಿ (ನಿಮಿಷಕ್ಕೆ 180 ಬೀಟು) ಹದಿನಾರರ ಸ್ವರ, ಒಂದು ಬೀಟಿಗೆ ನಾಲ್ಕು, ಅಂದ್ರೆ ಸೆಕೆಂಡಿಗೆ ಹನ್ನೆರಡು ಹೊಡೆತ, ಎರಡು ಕಾಲಿಗೆ ಆರಾರು. ಅವ್ನ ಎಡಗಾಲಿನ ಹೊಡೆತ ಯಾವಾಗ್ಲೂ ಒಂದು ಕೂದಲು ಲೇಟು, ಅವ್ನು ಅದನ್ನ ತನ್ನ ಕಾಲಿನ ದೋಷ ಅಂದ್ಕೊಂಡು ದಿನಾ ಒಂದು ಗಂಟೆ ಪ್ರಾಕ್ಟೀಸ್ ಮಾಡ್ತಿದ್ದ. ಕೊನೆಗೆ ಒಂದು ದಿನ ಎರಡು ಪೆಡಲ್ ನಡುವಿನ ರಾಡ್ ಹಿಡ್ಕೊಂಡು ತಿರುಗ್ಸಿ ನೋಡ್ದ, ಯೂನಿವರ್ಸಲ್ ಜಾಯಿಂಟಲ್ಲಿ ಆಟ ಇತ್ತು, ಪಿನ್ ಸವೆದು ತೂತು ಮೊಟ್ಟೆ ಆಕಾರ ಆಗಿತ್ತು. ಊಟದ ಬಿಡುವಲ್ಲಿ ಲೇತ್ ಹತ್ರ ನಿಂತು ತೂತನ್ನ 5 ಎಂಎಂಗೆ ಡ್ರಿಲ್ ಮಾಡಿ ರೀಮರ್ ಬಿಟ್ಟು, ಸಿಲ್ವರ್ ಸ್ಟೀಲ್ ರಾಡಿಂದ ಹೊಸ ಪಿನ್ ತಿರುಗ್ಸಿ, ಮೈಕ್ರೋಮೀಟರಲ್ಲಿ ಮೂರು ಕಡೆ ಅಳೆದು, ಎಣ್ಣೆ ಸವರಿ ಬೆರಳಲ್ಲೇ ಒತ್ತಿ ಕೂರಿಸ್ದ. ಆ ಭಾನುವಾರ ನುಡಿಸ್ದಾಗ ಎರಡೂ ಕಾಲು ಒಂದೇ ಸಮ. ಅವ್ನು ಅರ್ಧ ಹಾಡಲ್ಲೇ ನಿಲ್ಸಿ ಕೋಲು ಕೆಳಗಿಟ್ಟು ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ. ಎಂಟು ತಿಂಗಳು ತನ್ನ ಕಾಲನ್ನ ಬೈಕೊಂಡಿದ್ದ ಮನುಷ್ಯ.

ರೂಮಿನ ವಿಷ್ಯಕ್ಕೆ ಬಂದ್ರೆ, ಗೋಡೆಗೆ ಮೊಟ್ಟೆ ಟ್ರೇ ಅಂಟಿಸ್ಬೇಡಿ, ಸೌಂಡ್ ಹೊರಗೆ ಹೋಗೋದು ಅದ್ರಿಂದ ನಿಲ್ಲಲ್ಲ. ಹೊರಗೆ ಹೋಗೋದು ತಡೆಯೋಕೆ ತೂಕ ಬೇಕು, ನಮ್ಮ ಸುತ್ತ ಭಾನುವಾರ ಯಾರೂ ಇರಲ್ಲ, ಅದಕ್ಕೆ ನಾವು ಖರ್ಚು ಮಾಡ್ಲಿಲ್ಲ. ಒಳಗಿನ ಗೊಂದಲಕ್ಕೆ 48 ಡೆನ್ಸಿಟಿಯ ರಾಕ್‌ವುಲ್ (ಸೌಂಡ್ ಹೀರೋ ಕಲ್ಲಿನ ನಾರು) ತಂದು, ಮರದ ಚೌಕಟ್ಟಲ್ಲಿ ತುಂಬಿ, ಬಟ್ಟೆ ಸುತ್ತಿ, ಗೋಡೆಯಿಂದ ನಾಲ್ಕು ಇಂಚು ಬಿಟ್ಟು ಮೂಲೆಗಳಲ್ಲಿ ನಿಲ್ಸಿದ್ವಿ, ಕೈಗವಸು ಮಾಸ್ಕ್ ಇಲ್ದೆ ಅದನ್ನ ಮುಟ್ಬೇಡಿ. ಆದ್ರೂ ಒಂದು ವಿಚಿತ್ರ ಉಳೀತು. ಡ್ರಮ್ಮರ್ ಕೂತ ಜಾಗದಲ್ಲಿ ನಮ್ಮ ಸಿ ಸ್ವರ ಕೇಳಿಸ್ತಿರ್ಲಿಲ್ಲ, ಬೇರೆ ಎಲ್ಲ ಕೇಳಿಸುತ್ತೆ, ಸಿ ಬಂದ್ರೆ ಮಾಯ. ಲೆಕ್ಕ ಹಾಕಿ ನೋಡ್ದೆ: ಹದಿನೇಳು ಅಡಿ ಅಂದ್ರೆ 5.18 ಮೀಟರು, ಆ ಉದ್ದಕ್ಕೆ ಸರಿಯಾಗಿ ಒಂದು ಅಲೆ ಕೂರೋದು 66 ಹರ್ಟ್ಜಿಗೆ, ನಮ್ಮ ಸಿ 65.4! ಅಂಥ ಅಲೆ ಗೋಡೆ ಹತ್ರನೂ ಮಧ್ಯದಲ್ಲೂ ಗುಡುಗುತ್ತೆ, ಕಾಲು ಭಾಗದಲ್ಲಿ, ಅಂದ್ರೆ ಗೋಡೆಯಿಂದ ನಾಲ್ಕೂಕಾಲು ಅಡಿಗೆ ಸತ್ತು ಹೋಗುತ್ತೆ, ಡ್ರಮ್ ಸ್ಟೂಲು ಕರೆಕ್ಟಾಗಿ ಅಲ್ಲಿತ್ತು. ಎರಡು ಅಡಿ ಹಿಂದಕ್ಕೆ ಸರಿಸಿದ್ವಿ. ಒಂದು ರೂಪಾಯಿ ಖರ್ಚಿಲ್ಲ.

ಸ್ವರದ ಮಾತು ಬೇಸ್ ನುಡಿಸೋಳಿಂದ ಬಂದಿದ್ದು. ನಾನು ಪಾಶ್ಚಾತ್ಯ ಸಂಗೀತದ ಸ್ಕೇಲ್ ಹೆಸ್ರು ಹಿಡ್ಕೊಂಡು ಫ್ರಿಜಿಯನ್ ಫ್ರಿಜಿಯನ್ ಅಂತಿದ್ದೆ, ಅವ್ಳು ಕೇಳಿ, ಇದು ಹನುಮತೋಡಿಯ ಸ್ವರಸ್ಥಾನ ಅಲ್ವಾ, ಎಂಟನೇ ಮೇಳ ಅಂದ್ಲು, ಸರಿನೇ. ಬ್ಲ್ಯಾಕ್ ಸಬ್ಬತ್‌ನವ್ರು ತಮ್ಮ ಹೆಸರಿನ ಹಾಡಿಗೆ ತಗೊಂಡ ಆ ಹೆದರಿಸೋ ಅಂತರ ನಮ್ಮ ಲೆಕ್ಕದಲ್ಲಿ ಷಡ್ಜಕ್ಕೆ ಪ್ರತಿಮಧ್ಯಮ. ಹಾಗಂತ ನಾವು ತೋಡಿ ನುಡಿಸ್ತೀವಿ ಅಂತ ಹೇಳಲ್ಲ, ಗಮಕ ಇಲ್ದೆ ತೋಡಿ ಎಲ್ಲಿಂದ ಬರ್ಬೇಕು, ಆದ್ರೆ ಅವ್ಳು ರಿಷಭದಿಂದ ಷಡ್ಜಕ್ಕೆ ಜಾರಿಸ್ಕೊಂಡು ಇಳಿಯೋ ರೀತಿ ನಂಗೆ ಯಾವ ಟ್ಯಾಬಲ್ಲೂ (ಗಿಟಾರ್ ನುಡಿಸೋದನ್ನ ಬರೆದಿಡೋ ಹಾಳೆ) ಸಿಕ್ಕಿರ್ಲಿಲ್ಲ, ಈಗ ನಮ್ಮ ಮೇನ್ ರಿಫ್ಫಲ್ಲಿ ಮೂರು ಜನನೂ ಹಾಗೇ ಇಳೀತೀವಿ.

ಕನ್ನಡದಲ್ಲೇ ಹಾಡ್ಬೇಕು ಅನ್ನೋದು ಮೊದ್ಲಿಂದ ಇತ್ತು. 1998ರಲ್ಲಿ ಶುರುವಾದ ಕ್ರಿಪ್ಟೋಸ್ ಬ್ಯಾಂಡು ಬೆಂಗಳೂರಿಂದ 2013ರಲ್ಲಿ ಜರ್ಮನಿಯ ವಾಕನ್ ಮೆಟಲ್ ಉತ್ಸವದ ಸ್ಟೇಜಿಗೆ ಹೋದಾಗ ನಮಗೆಲ್ಲ ಧೈರ್ಯ ಬಂದಿತ್ತು, ಆದ್ರೆ ದ್ವೇಷ ಬ್ಯಾಂಡ್ ಕನ್ನಡದಲ್ಲಿ ಡೆತ್ ಮೆಟಲ್ ಹಾಡಿದ್ದು ಕೇಳ್ದಾಗಲೇ ನಂಗೆ ಇದು ನಮ್ಮ ಮಾತಲ್ಲೂ ನಿಲ್ಲುತ್ತೆ ಅಂತ ಕಿವಿಗೆ ಗೊತ್ತಾಗಿದ್ದು. ಹಾಡೋನು ಮೊದ್ಲು ಬರೆದಿದ್ದ ಸಾಲೆಲ್ಲ ಗ್ರೌಲಲ್ಲಿ, ಅಂದ್ರೆ ಗುರ್ ಅಂತ ಗರ್ಜಿಸಿ ಹಾಡೋದ್ರಲ್ಲಿ, ಕರಗಿ ಹೋಗ್ತಿತ್ತು, ಒಂದು ಪದನೂ ಕೇಳ್ತಿರ್ಲಿಲ್ಲ. ಆಮೇಲೆ ನೋಡ್ತಾ ನೋಡ್ತಾ ಗೊತ್ತಾಗಿದ್ದು ಏನಂದ್ರೆ ಒತ್ತಕ್ಷರ ಇದೆಯಲ್ಲ, ಕತ್ತಲು, ಸುಟ್ಟ, ಬೆಟ್ಟ, ಮುಚ್ಚಿದ, ಅದು ಪಾಮ್ ಮ್ಯೂಟಿನ ಥರನೇ ಕೆಲ್ಸ ಮಾಡುತ್ತೆ, ಉಸಿರು ಒಂದು ಕ್ಷಣ ಕಟ್ಟಿ ಬಿಡುತ್ತೆ, ಮತ್ತೆ ನಮ್ಮ ಪದ ಹೆಚ್ಚಿನವು ಸ್ವರಾಕ್ಷರದಲ್ಲಿ ಮುಗಿಯೋದ್ರಿಂದ ಕೊನೇ ಅಕ್ಷರ ಎಷ್ಟು ಬೇಕೋ ಅಷ್ಟು ಎಳೀಬಹುದು. ಒತ್ತು ಬರೋ ಜಾಗ ಸ್ನೇರ್ ಡ್ರಮ್ಮಿನ ಹೊಡೆತ ಬೀಳೋ ಜಾಗಕ್ಕೆ ಕೂರೋ ಹಾಗೆ ಅವ್ನು ಎಲ್ಲ ಸಾಲೂ ಮತ್ತೆ ಬರ್ದ. ಗಂಟಲು ಹರ್ಕೊಂಡು ಕಿರುಚೋದನ್ನೂ ಬಿಟ್ಟ, ಹೊಟ್ಟೆಯಿಂದ ಉಸಿರು ಕೊಟ್ಟು ಸಣ್ಣ ದನೀಲೇ ಗ್ರೌಲ್ ಮಾಡ್ತಾನೆ, ಜೋರು ಮಾಡೋ ಕೆಲ್ಸ ಮೈಕಿಂದು.

ಹೋದ ಭಾನುವಾರ ಅದೇ ಫೋನು, ಅದೇ ಕಿಟಕಿ ಕಟ್ಟೆ ಮೇಲೆ ಇಟ್ಟು ರೆಕಾರ್ಡ್ ಮಾಡಿದ್ವಿ. ಚಹಾ ತಂದುಕೊಟ್ಟ ಪಕ್ಕದ ಶೆಡ್ಡಿನ ವಾಚ್‌ಮನ್ ತಾತ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿ, ಅದೇನಪ್ಪಾ, ಕತ್ತಲು ಸುಟ್ಟ ಬೆಟ್ಟ ಅಂತೀಯಲ್ಲ, ಯಾವ ಬೆಟ್ಟ ಅದು ಅಂತ ಹಾಡೋನನ್ನ ಕೇಳಿದ್ರು. ಅವ್ನು ತಮ್ಮ ಊರಿನ ಹಿಂದಿನ ಗುಡ್ಡಕ್ಕೆ ಬೇಸ್ಗೇಲಿ ಬೆಂಕಿ ಬಿದ್ದ ಕಥೆ ಹೇಳ್ತಾ ಕೂತ, ನಾನು ಅಷ್ಟ್ರಲ್ಲಿ ಬೇಸ್ ಗಿಟಾರಿನ ಹದಿನಾಲ್ಕನೇ ಫ್ರೆಟ್ಟಿನ ಝಿರ್ ಸದ್ದಿಗೆ ಫೈಲ್ ಹುಡುಕ್ತಿದ್ದೆ.